ಜಾಳು ಅಧ್ಯಾಯ

ಪಿಎಚ್.ಡಿ. ಪ್ರಬಂಧ ಸಲ್ಲಿಸಲು ಅದೇ ಕೊನೆಯ ದಿನ. ಗೈಡ್ ಸಹಿ ಹಾಕಲು ಒಪ್ಪಲಿಲ್ಲ.

"ನೀನು ಮೇಲ್ ಮಾಡಿದ ಒಂದೊಂದು ಅಧ್ಯಾಯಾನೂ ಎರಡೆರಡು ಸಲ ಓದಿದೀನಮ್ಮ. ನಾಲ್ಕನೇದು ಪೂರ್ತಿ ಜಾಳು. ಇನ್ನೊಂದು ವರ್ಷ ಕೂತು ಬರಿ."

"ಎಲ್ಲಿ ಜಾಳು ಅಂತ ತೋರಿಸಿ ಸರ್, ಈಗ್ಲೇ ತಿದ್ತೀನಿ," ಎಂದಳು ಮಧುಮತಿ.

"ತೋರಿಸ್ತಿದ್ದೆ. ಬೆಳಗ್ಗೆಯಿಂದ ಈ ಹಾಳು ಮೇಲ್ ಪ್ರೋಗ್ರಾಂ ಓಪನ್ನೇ ಆಗ್ತಿಲ್ಲ."

ಮಧುಮತಿ ಅವರ ಕಂಪ್ಯೂಟರ್ ಮುಂದೆ ಕುರ್ಚಿ ಎಳೆದುಕೊಂಡು ಕೂತಳು. ಹಿಂದೆಂದೋ ಪ್ರೋಗ್ರಾಂ ನಡುವೆ ಕೆಟ್ಟು ನಿಂತಾಗ ಉಳಿದುಹೋಗಿ, ಅದು ಮತ್ತೆ ತೆರೆಯದಂತೆ ತಡೆಯುತ್ತಿದ್ದ ಲಾಕ್ ಫೈಲ್ ಕಣ್ಣಿಗೆ ಬಿತ್ತು. ಅದನ್ನು ಅಳಿಸಿದ ಕೂಡಲೇ ಪ್ರೋಗ್ರಾಂ ತೆರೆದುಕೊಂಡಿತು. ಹದಿನಾಲ್ಕು ತಿಂಗಳ ಮೇಲ್‌ಗಳು ಒಂದರ ಹಿಂದೊಂದು ಬಂದಿಳಿದವು. ಅವಳ ನಾಲ್ಕೂ ಅಧ್ಯಾಯಗಳು ಅವುಗಳ ನಡುವೆಯೇ ಇದ್ದವು. ಒಂದನ್ನೂ ಯಾರೂ ತೆರೆದಿರಲಿಲ್ಲ.

ಗೈಡ್ ಕೆಮ್ಮಿ, ಜೇಬಿನಿಂದ ಪೆನ್ ತೆಗೆದರು.

"ಸಹಿ ಎಲ್ಲಿ ಹಾಕ್ಬೇಕಮ್ಮ?"