ಸೀದುಹೋದ ಸಾರು

ಬೆರಕೆ ಸೊಪ್ಪು ಬೇಯುವ ವಾಸನೆ ಬಂದರೆ ಇಂದಿಗೂ ನಾನು ಒಲೆಯ ಮುಂದೆ ನಿಲ್ಲಲಾರೆ.

ಗುತ್ತಲಿನಲ್ಲಿ ನಮ್ಮ ಸೋದರತ್ತೆಯ ಮುದ್ದೆ ಹೋಟೆಲಿತ್ತು. ಗದ್ದೆ ಬದುವಿನಿಂದ ಸಾರಿಗೆ ಸೊಪ್ಪು ಕಿತ್ತು ತರುವುದು ನನ್ನ ಕೆಲಸ. ಅಂದು ಆಟದಲ್ಲಿ ಹೊತ್ತಾಯಿತೆಂದು ಹತ್ತಿರದ ಚರಂಡಿ ದಡದಲ್ಲೇ ಕಿತ್ತು ಮಡಿಲು ತುಂಬಿಸಿಕೊಂಡೆ. ಮಧ್ಯಾಹ್ನ ಅತ್ತೆ ಎಂದಿನಂತೆ ನನಗೇ ಮೊದಲು ಬಡಿಸಿದಳು. ಮುದ್ದೆ ಮುರಿದೆ, ಸಾರಿಗೆ ಅದ್ದಲಿಲ್ಲ.

“ಎಲ್ಲಿ ಕಿತ್ತೆ, ಯೋಳು.”

ತಲೆ ತಗ್ಗಿಸಿ ಹೇಳಿದೆ. ಅತ್ತೆ ಇಡೀ ಮಡಕೆ ಸಾರನ್ನು ಹಿತ್ತಿಲ ತಿಪ್ಪೆಗೆ ಸುರಿದಳು.

ಕಬ್ಬಿನ ಗಾಡಿಯವರು ಬಂದು ಕೂತರು.

“ಇವತ್ತು ಬರೀ ಚಟ್ನಿ ಕಣ್ರಪ್ಪ. ಸಾರು ಸೀದೋಯ್ತು.”

“ನಿನ್ ಕೈಲೂ ಸೀದೋಯ್ತದಾ ಅಕ್ಕಯ್ಯ? ವಯಸ್ಸಾಯ್ತು ಬುಡು!” ಎಂದೊಬ್ಬ ನಕ್ಕ.

“ಊಂ ಕಣಪ್ಪ, ಕಣ್ಣು ಮಂಜಾಗ್ತಾ ಅದೆ” ಎಂದಳು, ನನ್ನತ್ತ ತಿರುಗದೆ.

ಬೆಳಗ್ಗೆಯಷ್ಟೇ ಆ ಕಣ್ಣು ರಾಗಿಯಲ್ಲಿ ಒಂದು ಸಣ್ಣ ಕಲ್ಲನ್ನೂ ಬಿಟ್ಟಿರಲಿಲ್ಲ.