ಇಳಿಯದ ತುತ್ತು

ಅಜ್ಜನ ಅಂಗಿ ಜೋಲುತ್ತಿತ್ತು, ಅಜ್ಜಿಯ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಯಾವುದರಲ್ಲೂ ದೋಷವಿರಲಿಲ್ಲ.

"ಮತ್ತ ಇವ್ರು ಯಾಕ ಹಿಂಗ ಸೊರಗ್ಯಾರ್ರೀ ಡಾಕ್ಟರ? ರೊಟ್ಟಿ ಮುರದು ಬಾಯಾಗ ಇಟ್ಕೋತಾರ, ಹಂಗ ಬಿಟ್ಟು ಏಳ್ತಾರ. ನನ್ನ ಕೈಯಡಗಿ ಬ್ಯಾಸರಾಗೇತಿ," ಎಂದಳು ಅಜ್ಜಿ.

"ನೀನರ ಎಲ್ಲಿ ತಿಂತಿ?" ಎಂದ ಅಜ್ಜ.

"ನಿಮ್ಮ ಚಿಂತ್ಯಾಗ ನನಗೂ ತುತ್ತು ಇಳಿಯಂಗಿಲ್ಲ."

ಡಾಕ್ಟರ್ ಇಬ್ಬರ ಬಾಯಿಯನ್ನೂ ನೋಡಿದರು. "ಹಲ್ಲು ಯಾವಾಗ ಕಟ್ಟಿಸಿದ್ರಿ?"

"ಯುಗಾದಿಗೆ, ಇಬ್ಬರೂ ಕೂಡೇ ಕಟ್ಟಿಸಿದ್ವಿ. ರಾತ್ರಿ ತಗದು ಒಂದ ಬಟ್ಟಲದಾಗ ನೀರು ಹಾಕಿ ಇಡ್ತೀವ್ರಿ," ಅಜ್ಜಿ ನಾಚಿದಳು. "ಇಷ್ಟು ವರ್ಷ ಕೂಡಿ ಬಾಳೇವಿ, ಹಲ್ಲಿಗೆಂಥಾ ಬ್ಯಾರೆ ಬಟ್ಟಲಾ?"

"ಇಬ್ಬರೂ ತಗೀರಿ," ಎಂದರು ಡಾಕ್ಟರ್. "ಹಾಂ. ಈಗ ಅದಲು ಬದಲು ಮಾಡಿ ಹಾಕ್ಕೋರಿ."