ಆಯಿ ಅಂದರೆ

“ಆಯಿ!” ಎಂದು ಐದು ವರ್ಷದ ಸುಶಾಂತ ಕೂಗಿದ. ಮಿರಜದ ಆಸ್ಪತ್ರೆಯ ನರ್ಸ್ ಬಾಗಿಲಿಗೆ ಬಂದು, ಹೊರಗಿನ ಬೆಂಚಿನ ಮೇಲಿದ್ದ ಇಬ್ಬರು ಹೆಂಗಸರಲ್ಲಿ ಚಿಕ್ಕವಳನ್ನು ಒಳಗೆ ಕರೆದಳು. ಮರಾಠಿಯಲ್ಲಿ ಆಯಿ ಎಂದರೆ ತಾಯಿ. ಸಲಗರೆಯ ಈ ಕನ್ನಡ ಕುರಿಗಾರರ ಮನೆಯಲ್ಲಿ ಅಜ್ಜಿ. ಹಾಸಿಗೆಗೆ ಒಬ್ಬರೇ ಇರಬೇಕೆಂಬ ನಿಯಮವಿರುವ ವಾರ್ಡಿನಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ. ಮನಿಷಾ ಎರಡೂ ಭಾಷೆ ಬಲ್ಲವಳು. ನರ್ಸಿನ ತಪ್ಪನ್ನು ತಿದ್ದದೆ ಎದ್ದು ಮಗನ ಬಳಿ ಹೋದಳು. ಅವಳ ಅತ್ತೆ ತುಳಸವ್ವ ಬೆಂಚಿನ ಮೇಲೆಯೇ ಉಳಿದಳು.

ಹುಡುಗನ ಬಲದವಡೆ ನಿಂಬೆಹಣ್ಣು ಇಟ್ಟುಕೊಂಡಂತೆ ಊದಿತ್ತು. ಅದೊಂದು ಬಗೆಯ ಕ್ಯಾನ್ಸರ್ ಎಂದೂ, ಗಡ್ಡೆಯೊಳಗೆ ಒಂದು ವೈರಸ್ ಸಿಕ್ಕಿದೆಯೆಂದೂ, ಆ ವೈರಸ್ ಎಂಜಲಿನಿಂದ ಬರುವಂಥದ್ದೆಂದೂ ಡಾಕ್ಟರ್ ಪ್ರೇರಣಾ ಹಿಂದಿನ ದಿನ ಹೇಳಿದ್ದರು. ಅವರ ಮಾತು ಇನ್ನೂ ಮುಗಿದಿರಲಿಲ್ಲ. ಅಷ್ಟರಲ್ಲಿ ಬೇರೆ ವಾರ್ಡಿನಿಂದ ಕರೆ ಬಂತು. ಮನಿಷಾಳಿಗೆ ಅಷ್ಟೇ ಸಾಕಾಗಿತ್ತು. ಹಲ್ಲು ಮೂಡುವ ಮೊದಲಿನಿಂದಲೂ ರೊಟ್ಟಿ ಅಗಿದು ಮೊಮ್ಮಗನ ಬಾಯಿಗೆ ಇಟ್ಟವಳು ತುಳಸವ್ವ. ಸೊಸೆ ಬೇಡವೆಂದಾಗಲೆಲ್ಲ, “ನಿನ್ನ ಗಂಡನ್ನೂ ಹಿಂಗ ಸಾಕೇನಿ, ಸತ್ತಾನೇನ?” ಎಂದು ಬಾಯಿ ಮುಚ್ಚಿಸಿದವಳು.

“ಇನ್ನ ಅವನ್ನ ಮುಟ್ಟಬ್ಯಾಡ್ರಿ, ಅತ್ತಿ,” ಎಂದು ಮನಿಷಾ ಅಲ್ಲಿಯೇ ಹೇಳಿದ್ದಳು. ತುಳಸವ್ವ ಎದುರು ಮಾತಾಡಲಿಲ್ಲ. ಮನಿಷಾ ಸೊಸೆಯಾಗಿ ಬಂದಮೇಲೆ ಹೀಗಾದದ್ದು ಅದೇ ಮೊದಲು. ಆಗಿನಿಂದ ಹುಡುಗನೂ ಬಾಯಿಗೆ ಏನೂ ಹಾಕಿಕೊಂಡಿರಲಿಲ್ಲ. ಔಷಧಿ ಶುರುವಾಗುವ ಮೊದಲು ಅವನು ತಿನ್ನಲೇಬೇಕಾಗಿತ್ತು.

ಡಾಕ್ಟರ್ ರೌಂಡಿಗೆ ಬಂದವರು ನಿನ್ನೆ ಬಿಟ್ಟಲ್ಲಿಂದಲೇ ಶುರುಮಾಡಿದರು. ಸಾಂಗ್ಲಿಯ ಮರಾಠಿಯವರು, ಅವರ ಕನ್ನಡ ಪೇಶಂಟುಗಳಿಂದಲೇ ಕಲಿತದ್ದು.

“ಇವಗ ಮಲೇರಿಯಾ ಆಗಿತ್ತೇನ್ರಿ?”

“ಆಗಿತ್ತರಿ. ಕುರಿ ಹೊಡಕೊಂಡ ಕೊಂಕಣಕ್ಕ ಹೋದಾಗ. ಒಂದ ಸಲಾ ಅಲ್ಲ, ಮ್ಯಾಲಿಂದ ಮ್ಯಾಲ.”

“ಇಷ್ಟ ಸಣ್ಣವನ್ನ ಕರಕೊಂಡ ಹೋಗಿದ್ರ್ಯಾ?”

“ಅತ್ತಿ ‘ನನ್ನ ಹಂತ್ಯಾಕ ಬಿಟ್ಟ ಹೋಗ’ ಅಂದ್ರು. ನಾನ ಬಿಡಲಿಲ್ಲ.”

ಅತ್ತೆ ಅಗಿದು ಕೊಡುವ ರೊಟ್ಟಿಯಿಂದ ಮಗನನ್ನು ದೂರ ಇಡುವುದಕ್ಕೆಂದೇ ಮನಿಷಾ ಅಷ್ಟು ದೂರ ಒಯ್ದಿದ್ದಳು.

“ನೋಡ್ರಿ, ಆ ವೈರಸ್ ನನ್ನ ಮೈಯಾಗೂ ಇರತೈತಿ, ನಿಮ್ಮ ಮೈಯಾಗೂ ಇರತೈತಿ,” ಎಂದರು ಡಾಕ್ಟರ್. “ಬಹಳಷ್ಟ ಮಂದಿಗೆ ಸಣ್ಣವರಿದ್ದಾಗನ ಬರತೈತಿ, ಸುಮ್ಮನ ಬಿದ್ದಿರತೈತಿ. ಮೈ ಅದರ ಮ್ಯಾಲ ಕಾವಲ ಇಟ್ಟಿರತೈತಿ. ಮಲೇರಿಯಾ ಮ್ಯಾಲಿಂದ ಮ್ಯಾಲ ಬಂತಂದ್ರ ಕಾವಲ ಢಿಲ್ಲ ಆಗತೈತಿ. ಎರಡೂ ಕೂಡಿ ಎಲ್ಲೋ ಒಂದ ಕೂಸಿಗೆ ಹಿಂಗ ಆಗೂದುಂಟು. ಇವಗ ಹಂಗ ಆತು ಅಂತ ನಾ ಆಣಿ ಮಾಡಂಗಿಲ್ಲ. ಆದ್ರ ಬರೇ ಎಂಜಲಾ ಅನಬ್ಯಾಡ್ರಿ.”

“ನಾಯಿ ಒಂದ ಕಡೆ ಬೊಗಳಾಕ ಹೋದಾಗ, ಇನ್ನೊಂದ ಕಡೆಯಿಂದ ತ್ವಾಳ ಬಂದಂಗ,” ಎಂದಳು ಮನಿಷಾ.

“ಹಾಂ, ಹಂಗ. ಆದ್ರ ತ್ವಾಳ ಹಟ್ಟ್ಯಾಗನ ಮಲಗಿತ್ತು.”

“ಕೊಂಕಣಕ್ಕ ಒಯ್ದ ನಾಯಿ ದಾರಿ ತಪ್ಪಿಸಿದಾಕಿ ನಾನು.”

“ಅದನ್ನ ಹಿಡಕೊಂಡ ಕುಂದ್ರಬ್ಯಾಡ್ರಿ. ಲಗೂ ಬೆಳಿಯೂ ಗಡ್ಡಿ ಔಷಧಕ್ಕ ಲಗೂ ಕರಗತೈತಿ. ನಾಳೆ ಚಾಲೂ ಮಾಡೂಣು. ಮದಲ ಅವನ ಹೊಟ್ಟ್ಯಾಗ ಏನರ ಹೋಗಲಿ.”

“ಆಯಿ!” ಎಂದು ಹುಡುಗ ಮತ್ತೆ ಕೂಗಿದ.

“ಆಯಿ ಇಲ್ಲೇ ಅದಾಳಲ್ಲೋ ರಾಜಾ,” ಎಂದು ಡಾಕ್ಟರ್ ಅವನ ತಲೆ ಸವರಿದರು.

“ಅಂವ ನನ್ನ ಕರ್ಯಾಕತ್ತಿಲ್ಲರಿ,” ಎಂದಳು ಮನಿಷಾ. ಎದ್ದು ಬಾಗಿಲಿಗೆ ಹೋದಳು. “ಅತ್ತಿ, ಬರ್ರಿ. ನಿಮ್ಮನ್ನ ಕರ್ಯಾಕತ್ತಾನ.”

“ನನಗೇನ ಕಿವಿ ಇಲ್ಲೇನ? ನಿನ್ನೆಯಿಂದ ಕೇಳಾಕತ್ತೇನಿ,” ಎನ್ನುತ್ತ ತುಳಸವ್ವ ಎದ್ದಳು.

ಹಾಸಿಗೆಗೆ ಇಬ್ಬರಾದದ್ದನ್ನು ಕಂಡ ನರ್ಸ್ ಡಾಕ್ಟರರ ಮುಖ ನೋಡಿದಳು. ಡಾಕ್ಟರ್ ಕಾಣದವರಂತೆ ಗೋಡೆಯ ಗಡಿಯಾರ ನೋಡಿದರು. ಇನ್ನು ಮೇಲೆ ಹುಡುಗನಿಗೆ ಯಾವ ಸೋಂಕೂ ತಾಗಬಾರದು, ಅಗಿದದ್ದನ್ನು ಕೊಡಲೇಬಾರದು, ರೊಟ್ಟಿಯನ್ನು ಹಾಲಿನಲ್ಲಿ ಮೆತ್ತಗೆ ಕಿವುಚಿ ಚಮಚದಿಂದ ಕೊಡಬೇಕು ಎಂದು ಹೇಳಿ ಹೋದರು. ನರ್ಸ್ ಅಜ್ಜಿಯ ಬಾಯಿಗೆ ಮಾಸ್ಕ್ ಕಟ್ಟಿದಳು.

ಮನಿಷಾ ರೊಟ್ಟಿ ಕಿವುಚಿ ಚಮಚ ಹಿಡಿದಳು. ಹುಡುಗ ಮುಖ ತಿರುಗಿಸಿದ. ಊದಿದ ದವಡೆಯಿಂದ ಮಾತು ಅರ್ಧಂಬರ್ಧ ಹೊರಟಿತು: “ಆಯಿ, ನೀ ಅಗದ ಕೊಡ.”

ತುಳಸವ್ವ ಎರಡೂ ಕೈಗಳನ್ನು ಸೀರೆಯ ಸೆರಗಿನೊಳಗೆ ಕಟ್ಟಿಕೊಂಡು ಕೂತಿದ್ದಳು. ಆದರೆ ಮಾಸ್ಕಿನ ಹಿಂದೆ ಅವಳ ದವಡೆ, ಬಾಯಲ್ಲಿ ಏನೂ ಇಲ್ಲದೆ, ಮೆಲ್ಲಗೆ ಅಗಿಯತೊಡಗಿತು. ಹುಡುಗ ಅದನ್ನೇ ನೋಡುತ್ತ ನೋಡುತ್ತ, ತಾಯಿಯ ಚಮಚಕ್ಕೆ ಬಾಯಿ ತೆರೆದ.